ತೆರೆಯ ಮೇಲೆ ಕನ್ನಡ ಕೆಟ್ಟಾಗ: ಗುರುತು ನೋಡಿ ದೋಷ ಹಿಡಿಯುವ ಬಗೆ

ಕಂಪ್ಯೂಟರಿನಲ್ಲಿ ಕನ್ನಡ ಕೆಟ್ಟು ಕಾಣುವುದಕ್ಕೆ ಕಾರಣ ಒಂದೇ ಅಲ್ಲ. ಆದರೆ ಪ್ರತಿ ಕಾರಣವೂ ತೆರೆಯ ಮೇಲೆ ತನ್ನದೇ ಬಗೆಯ ಕಸ ಬಿಟ್ಟುಹೋಗುತ್ತದೆ. ಖಾಲಿ ಚೌಕ ಬಂದರೆ ಒಂದು ಅರ್ಥ, ಪ್ರಶ್ನೆಚಿಹ್ನೆ ಬಂದರೆ ಇನ್ನೊಂದು, ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಅಕ್ಷರ ಬಂದರೆ ಮತ್ತೊಂದು. ಎಲ್ಲಕ್ಕೂ ‘ಫಾಂಟ್ ಹಾಕಿಕೊಳ್ಳಿ’ ಎನ್ನುವ ಸಲಹೆ ಅರ್ಧ ಸಂದರ್ಭಗಳಲ್ಲಿ ಕೆಲಸಕ್ಕೆ ಬಾರದು, ಕೆಲವು ಸಲ ಸರಿಪಡಿಸಬಹುದಾಗಿದ್ದ ಕಡತವನ್ನು ಪೂರ್ತಿ ಕೆಡಿಸಿಬಿಡುತ್ತದೆ.

ಇಲ್ಲಿನ ಹೆಜ್ಜೆಗಳು ಮುಖ್ಯವಾಗಿ ವಿಂಡೋಸ್ 10, 11 ಮತ್ತು ಮೈಕ್ರೋಸಾಫ್ಟ್ ಆಫೀಸ್ ಬಳಸುವವರಿಗೆ.

ಏನನ್ನೂ ಮುಟ್ಟುವ ಮೊದಲು

ಕಡತ ತೆರೆದ ಕೂಡಲೇ ಕನ್ನಡ ಗೋಜಲಾಗಿ ಕಂಡರೆ ಸೇವ್ ಮಾಡಬೇಡಿ. ಮುಚ್ಚುವಾಗ ‘ಸೇವ್ ಮಾಡಲೇ?’ ಎಂದು ಕೇಳಿದರೆ ‘ಡೋಂಟ್ ಸೇವ್’ ಒತ್ತಿ. ಬಹಳಷ್ಟು ದೋಷಗಳಲ್ಲಿ ಡಿಸ್ಕಿನ ಮೇಲಿನ ಕಡತ ಚೆನ್ನಾಗಿಯೇ ಇರುತ್ತದೆ, ಅದನ್ನು ಓದುವ ತಂತ್ರಾಂಶ ತಪ್ಪಾಗಿ ಓದಿರುತ್ತದೆ. ಆ ಸ್ಥಿತಿಯಲ್ಲಿ ಸೇವ್ ಮಾಡಿದರೆ ತಪ್ಪು ಓದೇ ಕಡತದೊಳಗೆ ಹೋಗಿ ಕೂರುತ್ತದೆ. ಮುಚ್ಚಿದ ಮೇಲೆ ಕಡತದ ಇನ್ನೊಂದು ಪ್ರತಿ ಮಾಡಿಕೊಂಡು, ಮುಂದಿನ ಪ್ರಯೋಗಗಳನ್ನೆಲ್ಲ ಆ ಪ್ರತಿಯ ಮೇಲೆ ನಡೆಸಿ.

ಒಂದು ವಿಷಯ ತಿಳಿದಿದ್ದರೆ ಉಳಿದದ್ದು ಸುಲಭ. ಕನ್ನಡ ಪಠ್ಯ ಎರಡು ಬಗೆಯಲ್ಲಿ ಶೇಖರವಾಗುತ್ತದೆ. ಒಂದು ಯೂನಿಕೋಡ್: ಇಲ್ಲಿ ‘ಕ’ ಎಂಬುದಕ್ಕೆ ಜಗತ್ತಿನಾದ್ಯಂತ ಒಂದೇ ಸಂಕೇತ. ಇನ್ನೊಂದು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಪದ್ಧತಿ. ಕಚೇರಿಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ಇದನ್ನು ‘ಆಸ್ಕಿ’ ಎಂದೇ ಕರೆಯುತ್ತಾರೆ. ಇದರಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ, ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಹೋದರೆ ಕನ್ನಡವೂ ಹೋಯಿತು.

ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು

ಚಿಂತೆ ಬೇಡದ ದೋಷ ಇದು. ಪಠ್ಯ ಯೂನಿಕೋಡ್‌ನಲ್ಲಿ ಸುರಕ್ಷಿತವಾಗಿದೆ, ತೋರಿಸಲು ಫಾಂಟ್ ಸಿಕ್ಕಿಲ್ಲ, ಅಷ್ಟೆ.

ಮೊದಲು ಆ ಚೌಕಗಳನ್ನೇ ಕಾಪಿ ಮಾಡಿ ನೋಟ್‌ಪ್ಯಾಡಿಗೋ ಬ್ರೌಸರಿನ ವಿಳಾಸಪಟ್ಟಿಗೋ ಅಂಟಿಸಿ. ಅಲ್ಲಿ ಕನ್ನಡ ಕಂಡರೆ ಕಂಪ್ಯೂಟರಿನಲ್ಲಿ ಫಾಂಟ್ ಇದೆ, ನೀವು ಬಳಸುತ್ತಿರುವ ತಂತ್ರಾಂಶದಲ್ಲಿ ಕನ್ನಡವಿಲ್ಲದ ಫಾಂಟ್ ಆಯ್ಕೆಯಾಗಿದೆ ಎಂದರ್ಥ. ಪಠ್ಯವನ್ನು ಆರಿಸಿ ‘ನಿರ್ಮಲಾ ಯುಐ’ ಫಾಂಟ್ ಕೊಡಿ. ವಿಂಡೋಸ್ 8ರಿಂದ ಈಚೆಗೆ ಅದು ವ್ಯವಸ್ಥೆಯ ಜೊತೆಗೇ ಬರುತ್ತದೆ.

ನೋಟ್‌ಪ್ಯಾಡಿನಲ್ಲೂ ಚೌಕವೇ ಬಂದರೆ ಸೆಟ್ಟಿಂಗ್ಸ್‌ನ ‘ಟೈಮ್ ಆಂಡ್ ಲ್ಯಾಂಗ್ವೇಜ್’ ವಿಭಾಗಕ್ಕೆ ಹೋಗಿ ಕನ್ನಡವನ್ನು ಭಾಷೆಯಾಗಿ ಸೇರಿಸಿ. ಇಂಟರ್ನೆಟ್ ಸಂಪರ್ಕ ಬೇಕಾಗುತ್ತದೆ.

ಹಳೆಯ ವರ್ಡ್ ಕಡತ ಹೊಸ ಲ್ಯಾಪ್‌ಟಾಪಿನಲ್ಲಿ ಚೌಕವಾಗದೆ ಬರೀ ಅಕ್ಷರದ ಆಕಾರ ಬದಲಾಗಿ, ಪುಟಗಳು ಹಿಂದೆಮುಂದೆ ಆಗಿದ್ದರೆ ಕಾರಣ ‘ತುಂಗಾ’ ಫಾಂಟ್. ಎಕ್ಸ್‌ಪಿ, ವಿಂಡೋಸ್ 7ರ ಕಾಲದಲ್ಲಿ ಕನ್ನಡಕ್ಕೆ ಅದೇ ಮೂಲ ಫಾಂಟ್ ಆಗಿತ್ತು. ವಿಂಡೋಸ್ 10ರಿಂದ ಅದನ್ನು ‘ಆಪ್ಷನಲ್ ಫೀಚರ್ಸ್’ ಪಟ್ಟಿಗೆ ಸರಿಸಿದ್ದಾರೆ. ಅಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂದು ಹುಡುಕಿ ಸೇರಿಸಿದರೆ ಹಳೆಯ ಪುಟವಿನ್ಯಾಸ ಮರಳುತ್ತದೆ.

ಫಾಂಟ್ ಹುಡುಕುತ್ತ ಕಂಡ ಕಂಡ ತಾಣಗಳಿಂದ ಇಳಿಸಿಕೊಳ್ಳಬೇಡಿ. ಫಾಂಟ್ ಕಡತದ ಹೆಸರು ಟಿಟಿಎಫ್ ಅಥವಾ ಓಟಿಎಫ್ ಎಂದು ಕೊನೆಗೊಳ್ಳುತ್ತದೆ. ಒಂದು ಫಾಂಟ್ ಕೊಡಲು ಇಎಕ್ಸ್‌ಇ ಕಡತ ಓಡಿಸಿ ಎಂದರೆ ಅನುಮಾನಿಸಿ.

ಓರೆಗೀಟಿನ ದೊಡ್ಡ ‘ಎ’, ಪೌಂಡ್ ಚಿಹ್ನೆ, ಅರ್ಥವಿಲ್ಲದ ಇಂಗ್ಲಿಷ್

‘ಕನ್ನಡ’ ಎಂದಿರಬೇಕಾದಲ್ಲಿ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೀಟಿರುವ ದೊಡ್ಡ ‘ಎ’, ಬ್ರಿಟಿಷ್ ಪೌಂಡ್ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ‘ಬಿ’ಯಂತಿರುವ ಅಕ್ಷರ, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ‘ಎ’. ಇದು ಕಂಡರೆ ನುಡಿ ಅಥವಾ ಬರಹದ ಆಸ್ಕಿ ಪಠ್ಯ ಎಂದು ಕಣ್ಣುಮುಚ್ಚಿ ಹೇಳಬಹುದು. ಓರೆಗೀಟಿನ ದೊಡ್ಡ ‘ಎ’ ಎರಡು-ಮೂರು ಅಕ್ಷರಕ್ಕೊಮ್ಮೆ ಬರುತ್ತಲೇ ಇರುತ್ತದೆ.

ಅಗ್ಗದ ಪರೀಕ್ಷೆ: ಪಠ್ಯದ ನಡುವೆ ಕ್ಲಿಕ್ಕಿಸಿ, ವರ್ಡ್‌ನ ‘ಹೋಮ್’ ಪಟ್ಟಿಯ ಫಾಂಟ್ ಹೆಸರು ನೋಡಿ. ಫಾಂಟ್ ನಿಮ್ಮಲ್ಲಿ ಇಲ್ಲದಿದ್ದರೂ ಹೆಸರು ಅಲ್ಲಿ ಉಳಿದಿರುತ್ತದೆ. ‘ನುಡಿ 01 ಇ’ ಎಂದೋ ‘ಬಿಆರ್‌ಎಚ್ ಕನ್ನಡ’ ಎಂದೋ ಇದ್ದರೆ ಆ ತಂತ್ರಾಂಶವನ್ನು ಹಾಕಿಕೊಂಡು ವರ್ಡ್ ಮುಚ್ಚಿ ತೆರೆಯಿರಿ. ಬರೀ ಓದಿ ಮುದ್ರಿಸುವುದಿದ್ದರೆ ಇಷ್ಟು ಸಾಕು.

ಫಾಂಟ್ ಹೆಸರು ಏರಿಯಲ್ ಅಥವಾ ಟೈಮ್ಸ್ ಎಂದಿದ್ದರೆ ಯಾರೋ ಇಡೀ ಕಡತ ಆರಿಸಿ ಫಾಂಟ್ ಬದಲಿಸಿದ್ದಾರೆ, ಇಲ್ಲವೇ ಮಿಂಚಂಚೆಯಲ್ಲಿ ಅಂಟಿಸುವಾಗ ಕಳಚಿದೆ. ಒಂದು ವಾಕ್ಯ ಆರಿಸಿ ನುಡಿ ಫಾಂಟ್ ಕೊಟ್ಟು ನೋಡಿ. ಕನ್ನಡದ ಅಕ್ಷರಗಳು ಬಂದೂ ಓದಿದರೆ ಅರ್ಥವಾಗದಿದ್ದರೆ ಅದು ಶ್ರೀಲಿಪಿ, ಆಕೃತಿಯಂಥ ಬೇರೆ ತಂತ್ರಾಂಶದ್ದು. ಅವುಗಳ ಸಂಕೇತವೇ ಬೇರೆ, ಅವುಗಳದೇ ಫಾಂಟ್ ಬೇಕು.

ಹೆಸರಿನ ಕೊನೆಯ ‘ಇ’ ಮತ್ತು ‘ಕೆ’ ಗಮನಿಸಿ. ‘ಇ’ ಇದ್ದರೆ ಅಂಕಿಗಳು ಇಂಗ್ಲಿಷ್ ರೂಪದಲ್ಲಿ, ‘ಕೆ’ ಇದ್ದರೆ ಕನ್ನಡ ರೂಪದಲ್ಲಿ ಕಾಣುತ್ತವೆ. ಒಳಗಿರುವ ಅಂಕಿ ಒಂದೇ. ಹಾಗಾಗಿ ಬೇರೆ ಕಂಪ್ಯೂಟರಿನಲ್ಲಿ ೨೫ ಇದ್ದದ್ದು 25 ಆದರೆ ಯಾರೂ ತಿದ್ದಿಲ್ಲ, ಫಾಂಟ್ ಬದಲಾಗಿದೆ.

ಮೊಬೈಲಿನಲ್ಲಿ ತೆರೆಯಬೇಕು, ವಾಟ್ಸಾಪಿನಲ್ಲಿ ಕಳಿಸಬೇಕು, ಜಾಲತಾಣಕ್ಕೆ ಹಾಕಬೇಕು ಎಂದರೆ ಯೂನಿಕೋಡ್‌ಗೆ ಪರಿವರ್ತಿಸದೆ ದಾರಿಯಿಲ್ಲ. ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಇದೆ. ಪರಿವರ್ತನೆ ಕೆಡುವುದು ಬಹುಮಟ್ಟಿಗೆ ಒಂದೇ ಕಡೆ: ಕಡತದಲ್ಲಿ ನಡುನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳಲ್ಲಿ. ಬರೀ ಪಠ್ಯ ಕೊಟ್ಟರೆ ಯಾವ ‘ಪಿ’ ಇಂಗ್ಲಿಷಿನದು, ಯಾವ ‘ಪಿ’ ಕನ್ನಡದ ‘ಕ’ಕಾರದ್ದು ಎಂದು ಪರಿವರ್ತಕಕ್ಕೆ ತಿಳಿಯದು. ಇಂಗ್ಲಿಷ್ ಹೆಸರು, ಮಿಂಚಂಚೆ ವಿಳಾಸ, ವಾಹನ ಸಂಖ್ಯೆಗಳೆಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ. ತಪ್ಪಿಸಲು ಹೀಗೆ ಮಾಡಿ:

1. ವರ್ಡ್‌ನಲ್ಲಿ ಕಂಟ್ರೋಲ್+ಎಚ್ ಒತ್ತಿ, ‘ಫೈಂಡ್’ ಪುಟಕ್ಕೆ ಹೋಗಿ, ‘ಮೋರ್’ ಒತ್ತಿ.
2. ಹುಡುಕುವ ಪೆಟ್ಟಿಗೆ ಖಾಲಿ ಬಿಟ್ಟು ಅದರೊಳಗೆ ಕ್ಲಿಕ್ಕಿಸಿ, ‘ಫಾರ್ಮ್ಯಾಟ್’ನಲ್ಲಿ ‘ಫಾಂಟ್’ ಆರಿಸಿ, ನುಡಿ ಫಾಂಟಿನ ಹೆಸರು ಕೊಡಿ.
3. ‘ಫೈಂಡ್ ಇನ್’ ಒತ್ತಿ ‘ಮೇನ್ ಡಾಕ್ಯುಮೆಂಟ್’ ಆರಿಸಿ. ನುಡಿ ಫಾಂಟಿನಲ್ಲಿರುವ ಭಾಗಗಳಷ್ಟೇ ಆಯ್ಕೆಯಾಗುತ್ತವೆ.
4. ಆ ಭಾಗಗಳಿಗೆ ಒಂದು ಬಣ್ಣ ಕೊಡಿ. ಈಗ ಯಾವುದನ್ನು ಪರಿವರ್ತಿಸಬೇಕು, ಯಾವುದನ್ನು ಬಿಡಬೇಕು ಎಂದು ಕಣ್ಣಿಗೇ ಕಾಣುತ್ತದೆ. ಬಣ್ಣದ ಭಾಗಗಳನ್ನಷ್ಟೇ ಪರಿವರ್ತಕಕ್ಕೆ ಕೊಡಿ.

ಮುಗಿದ ಮೇಲೆ ಅರ್ಕಾವತ್ತಿನ ಪದಗಳನ್ನು ಬಿಡದೆ ನೋಡಿ. ಆಸ್ಕಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಶೇಖರವಾಗಿರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಈ ಹಿಂದುಮುಂದಿನಲ್ಲಿ ಪರಿವರ್ತಕಗಳು ಎಡವುತ್ತವೆ. ಉದ್ಧರಣ ಚಿಹ್ನೆ, ಎರಡು ಒತ್ತುಗಳಿರುವ ‘ಸ್ವಾತಂತ್ರ್ಯ’ದಂಥ ಪದಗಳನ್ನೂ ಪರೀಕ್ಷಿಸಿ.

ಆನ್‌ಲೈನ್ ಪರಿವರ್ತಕಕ್ಕೆ ಕ್ರಯಪತ್ರ, ವೇತನಪಟ್ಟಿ, ರೋಗಿಯ ವಿವರಗಳನ್ನು ಅಂಟಿಸಬೇಡಿ. ಪಠ್ಯ ಎಲ್ಲಿಗೆ ಹೋಗುತ್ತದೆಂದು ಹೊರಗಿನಿಂದ ತಿಳಿಯುವುದಿಲ್ಲ.

ಸಣ್ಣ ‘ಎ’, ಪಕ್ಕದಲ್ಲಿ ಮೇಲೆತ್ತಿದ ಚಿಕ್ಕ 2 ಅಥವಾ 3

ಹಿಂದಿನದಕ್ಕೂ ಇದಕ್ಕೂ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ವ್ಯತ್ಯಾಸ ಸರಳ. ಅಲ್ಲಿದ್ದದ್ದು ಓರೆಗೀಟಿನ ದೊಡ್ಡ ‘ಎ’. ಇಲ್ಲಿ ಸಣ್ಣ ‘ಎ’, ಅದರ ಬೆನ್ನಿಗೆ ವರ್ಗ ಅಥವಾ ಘನದ ಚಿಹ್ನೆಯಂತೆ ಮೇಲೆತ್ತಿದ 2 ಅಥವಾ 3, ನಂತರ ಇನ್ನೇನೋ ಒಂದು ಗುರುತು. ಈ ಮೂರರ ಗುಂಪು ಸಾಲುದ್ದಕ್ಕೂ ಮರುಕಳಿಸುತ್ತದೆ.

ಯೂನಿಕೋಡ್ ಪಠ್ಯವನ್ನು ಕಡತದಲ್ಲಿ ಶೇಖರಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದಕ್ಕೆ ಎರಡೇ ಸಾಧ್ಯತೆ. ತಂತ್ರಾಂಶ ಇದನ್ನು ಹಳೆಯ ಪಶ್ಚಿಮ ಯುರೋಪಿನ ಪದ್ಧತಿ ಎಂದು ತಿಳಿದು ಒಂದೊಂದೇ ಬೈಟ್ ಓದಿದಾಗ ಮೊದಲನೆಯದು ಗೀಟಿನ ಸಣ್ಣ ‘ಎ’ ಆಗಿಯೂ ಎರಡನೆಯದು ಚಿಕ್ಕ 2 ಅಥವಾ 3 ಆಗಿಯೂ ಕಾಣುತ್ತದೆ. ಇಲ್ಲಿ ಯಾವ ಫಾಂಟ್ ಹಾಕಿದರೂ ಪ್ರಯೋಜನವಿಲ್ಲ.

ಹೆಚ್ಚಾಗಿ ಇದು ಕಾಣುವುದು ಪಟ್ಟಿಯನ್ನು ಬರೀ ಪಠ್ಯವಾಗಿ ಇಡುವ ಸಿಎಸ್‌ವಿ ಕಡತವನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ. ಗೂಗಲ್ ಶೀಟ್ಸ್‌ನಿಂದ ಇಳಿಸಿಕೊಂಡ ಪಟ್ಟಿಯಾದರೆ ಸುಲಭದ ದಾರಿ ಎಂದರೆ ಸಿಎಸ್‌ವಿ ಬಿಟ್ಟು ಎಕ್ಸೆಲ್ ಕಡತವಾಗಿಯೇ ಮತ್ತೆ ಇಳಿಸಿಕೊಳ್ಳುವುದು. ಸಿಎಸ್‌ವಿ ಮಾತ್ರ ಸಿಗುವುದಾದರೆ ಹೀಗೆ:

1. ಗೋಜಲಾದ ಕಡತವನ್ನು ಸೇವ್ ಮಾಡದೆ ಮುಚ್ಚಿ, ಎಕ್ಸೆಲ್‌ನಲ್ಲಿ ಖಾಲಿ ಹಾಳೆ ತೆರೆಯಿರಿ.
2. ‘ಡೇಟಾ’ ಪಟ್ಟಿಯಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ ಕಡತ ಆರಿಸಿ.
3. ‘ಫೈಲ್ ಒರಿಜಿನ್’ ಪೆಟ್ಟಿಗೆಯಲ್ಲಿ 65001 ಸಂಖ್ಯೆಯ ಯುಟಿಎಫ್-8 ಆರಿಸಿ. ಕೆಳಗಿನ ಮುನ್ನೋಟದಲ್ಲಿ ಕನ್ನಡ ಮೂಡಬೇಕು.
4. ‘ಡೇಟಾ ಟೈಪ್ ಡಿಟೆಕ್ಷನ್’ನಲ್ಲಿ ‘ಡು ನಾಟ್ ಡಿಟೆಕ್ಟ್’ ಆರಿಸಿ, ‘ಲೋಡ್’ ಒತ್ತಿ.

ನಾಲ್ಕನೆಯ ಹೆಜ್ಜೆಗೂ ಕನ್ನಡಕ್ಕೂ ಸಂಬಂಧವಿಲ್ಲ, ಆದರೂ ಬಿಡಬೇಡಿ. ಬಿಟ್ಟರೆ ಸರ್ವೆ ನಂಬರ್ 12/3 ಎಂಬುದನ್ನು ಎಕ್ಸೆಲ್ ದಿನಾಂಕ ಮಾಡಿಬಿಡುತ್ತದೆ. ಮೊದಲಲ್ಲಿ ಸೊನ್ನೆಯಿರುವ ದೂರವಾಣಿ ಸಂಖ್ಯೆಯ ಸೊನ್ನೆ ಹೋಗುತ್ತದೆ. 15 ಅಂಕಿಗಿಂತ ಉದ್ದದ ಖಾತೆ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ, ಅವು ಮತ್ತೆ ಬರುವುದಿಲ್ಲ.

ಮರಳಿ ಸಿಎಸ್‌ವಿ ಮಾಡುವಾಗ ಪಟ್ಟಿಯಲ್ಲಿರುವ ‘ಸಿಎಸ್‌ವಿ ಯುಟಿಎಫ್-8’ ಬಗೆಯನ್ನೇ ಆರಿಸಿ. ಬರೀ ‘ಸಿಎಸ್‌ವಿ’ ಆರಿಸಿದರೆ ಮುಂದಿನ ವಿಭಾಗದ ದೋಷ ಕಾದಿದೆ. ಹಳೆಯ ಎಕ್ಸೆಲ್‌ನಲ್ಲಿ ಈ ಬಗೆ ಇಲ್ಲದಿದ್ದರೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಬಳಸಿ. ಅದು ಸಿಎಸ್‌ವಿ ತೆರೆಯುವಾಗಲೇ ಯಾವ ಪದ್ಧತಿ ಎಂದು ಕೇಳುತ್ತದೆ.

ಗೋಜಲನ್ನೇ ಯಾರೋ ಸೇವ್ ಮಾಡಿ ಕಳಿಸಿದ್ದರೆ? ಆಗಲೂ ಒಂದು ಉಪಾಯವಿದೆ. ಗೋಜಲು ಪಠ್ಯವನ್ನು ನೋಟ್‌ಪ್ಯಾಡಿಗೆ ಅಂಟಿಸಿ, ‘ಸೇವ್ ಆ್ಯಸ್’ನಲ್ಲಿ ಎನ್‌ಕೋಡಿಂಗ್ ‘ಆನ್ಸಿ’ (ಮೇಲೆ ಹೇಳಿದ ಪಶ್ಚಿಮ ಯುರೋಪಿನ ಪದ್ಧತಿ) ಎಂದು ಕೊಟ್ಟು ಉಳಿಸಿ. ನಂತರ ‘ಓಪನ್’ ಕಿಟಕಿಯಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಆರಿಸಿ ಅದೇ ಕಡತ ತೆರೆಯಿರಿ. ಬಹುಪಾಲು ಕನ್ನಡ ಮರಳುತ್ತದೆ. ಆದರೆ ವಿರಾಮ ಚಿಹ್ನೆ (ಅಂದರೆ ಅರ್ಧಾಕ್ಷರದ ಗುರುತು), ‘ಉ’ಕಾರದ ಕೊಂಬು ಮುಂತಾದ ಕೆಲವು ಸಂಕೇತಗಳ ಮೂರನೆಯ ಬೈಟಿಗೆ ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಕಾಣುವ ಅಕ್ಷರವೇ ಇಲ್ಲ. ಕಾಪಿ ಮಾಡುವಾಗ ಅದು ಸದ್ದಿಲ್ಲದೆ ಕಳಚಿಕೊಂಡಿರಬಹುದು. ಉಳಿದೆಲ್ಲ ಸರಿಯಾಗಿ ಒತ್ತಕ್ಷರ, ಕೊಂಬುಗಳಿರುವ ಕಡೆ ಮಾತ್ರ ಕೆಟ್ಟಿದ್ದರೆ ಕಾರಣ ಇದು. ಮೂಲ ಕಡತವನ್ನೇ ತರಿಸಿಕೊಳ್ಳಿ.

ಸಾಲು ಸಾಲು ಪ್ರಶ್ನೆಚಿಹ್ನೆ

ಎಲ್ಲಕ್ಕಿಂತ ಕೆಟ್ಟ ಗುರುತು ಇದು. ಕನ್ನಡದ ಸಂಕೇತಕ್ಕೆ ಜಾಗವೇ ಇಲ್ಲದ ಪದ್ಧತಿಯಲ್ಲಿ ಉಳಿಸಿದಾಗ ಪ್ರತಿ ಸಂಕೇತವೂ ಒಂದು ಪ್ರಶ್ನೆಚಿಹ್ನೆಯಾಗುತ್ತದೆ. ‘ಕನ್ನಡ’ ಎಂಬುದರಲ್ಲಿ ಕ, ನ, ವಿರಾಮ, ನ, ಡ ಎಂದು 5 ಸಂಕೇತ. ಹಾಗಾಗಿ ಐದು ಪ್ರಶ್ನೆಚಿಹ್ನೆ. ಎಲ್ಲ ಸಂಕೇತಗಳೂ ಒಂದೇ ಆಗಿಹೋದ ಮೇಲೆ ಯಾವುದು ಯಾವುದೆಂದು ಯಾವ ಪರಿವರ್ತಕವೂ ಹೇಳಲಾರದು. ದುಡ್ಡು ತೆಗೆದುಕೊಂಡು ‘ರಿಕವರ್ ಮಾಡಿಕೊಡುತ್ತೇವೆ’ ಎನ್ನುವವರನ್ನು ನಂಬಬೇಡಿ.

ಕಿಟಕಿ ಇನ್ನೂ ತೆರೆದಿದ್ದರೆ ಮುಚ್ಚಬೇಡಿ. ತೆರೆಯ ಮೇಲೆ ಕನ್ನಡ ಚೆನ್ನಾಗಿಯೇ ಇರಬಹುದು, ಕೆಟ್ಟಿರುವುದು ಡಿಸ್ಕಿನ ಪ್ರತಿ. ಕೂಡಲೇ ಎಕ್ಸೆಲ್ ಕಡತವಾಗಿಯೋ ಯುಟಿಎಫ್-8 ಪಠ್ಯವಾಗಿಯೋ ಬೇರೆ ಹೆಸರಿನಲ್ಲಿ ಉಳಿಸಿ. ಮುಚ್ಚಿಯಾಗಿದ್ದರೆ ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವಿನ ಹಳೆಯ ಆವೃತ್ತಿಗಳು, ಮಿಂಚಂಚೆಯ ಲಗತ್ತು, ಪೆನ್‌ಡ್ರೈವಿನ ಪ್ರತಿ ಇವನ್ನು ಹುಡುಕಿ.

ಕಚೇರಿಯ ಅಥವಾ ಅಂಗಡಿಯ ಲೆಕ್ಕದ ತಂತ್ರಾಂಶದಲ್ಲಿ ಕನ್ನಡ ಹೆಸರು ತುಂಬಿ ಉಳಿಸಿದ ಕೂಡಲೇ ಪ್ರಶ್ನೆಚಿಹ್ನೆ ಬಂದರೆ ನಿಮ್ಮ ಕಂಪ್ಯೂಟರಿನಲ್ಲಿ ಹುಡುಕಬೇಕಾದ್ದು ಏನೂ ಇಲ್ಲ. ಅದರ ದತ್ತಸಂಚಯದ ಕಾಲಂ ಯೂನಿಕೋಡ್ ಹಿಡಿಯುವುದಿಲ್ಲ. ತುಂಬುವುದನ್ನು ಅಲ್ಲೇ ನಿಲ್ಲಿಸಿ ತಂತ್ರಾಂಶ ಕೊಟ್ಟವರಿಗೆ ಹೇಳಿ.

ಇದರ ದೂರದ ನೆಂಟ ಕಪ್ಪು ವಜ್ರದೊಳಗಿನ ಪ್ರಶ್ನೆಚಿಹ್ನೆ. ನುಡಿ ಆಸ್ಕಿಯ ಸಾದಾ ಪಠ್ಯ ಕಡತವನ್ನು ಯುಟಿಎಫ್-8 ಎಂದು ತಿಳಿದು ತೆರೆದಾಗ ಹೀಗಾಗುತ್ತದೆ. ಸೇವ್ ಮಾಡಿರದಿದ್ದರೆ ಕಡತಕ್ಕೆ ಏನೂ ಆಗಿರುವುದಿಲ್ಲ. ಎನ್‌ಕೋಡಿಂಗ್ ‘ಆನ್ಸಿ’ ಎಂದು ಆರಿಸಿ ಮತ್ತೆ ತೆರೆದು, ನುಡಿ ಫಾಂಟ್ ಕೊಡಿ.

ಒತ್ತಕ್ಷರ ಬಿಡಿಬಿಡಿ, ಕೊಂಬು ದೀರ್ಘ ಎಲ್ಲೆಲ್ಲೋ

ಅಕ್ಷರಗಳು ಕನ್ನಡದವೇ, ಆದರೆ ‘ಅಕ್ಕ’ ಎಂಬುದು ಅ, ಕ್, ಕ ಎಂದು ಬಿಡಿಯಾಗಿ ಕಾಣುತ್ತದೆ. ಫಾಂಟ್ ಇದೆ, ಅಕ್ಷರ ಜೋಡಿಸುವ ಯಂತ್ರ ಕೆಲಸ ಮಾಡುತ್ತಿಲ್ಲ. ವರ್ಡ್, ಬ್ರೌಸರುಗಳಲ್ಲಿ ಈಗ ಇದು ಅಪರೂಪ. ಚಿತ್ರ, ವಿಡಿಯೊ, ಪುಟವಿನ್ಯಾಸದ ತಂತ್ರಾಂಶಗಳಲ್ಲಿ ಸಾಮಾನ್ಯ.

ಹಳೆಯ ಫೋಟೋಶಾಪ್ ಆದರೆ ‘ಪ್ರಿಫರೆನ್ಸಸ್’ನ ‘ಟೈಪ್’ ಪುಟದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಒತ್ತಿ. ಆವೃತ್ತಿಗೆ ತಕ್ಕಂತೆ ಅದರ ಹೆಸರು ‘ಮಿಡ್ಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್’ ಅಥವಾ ‘ವರ್ಲ್ಡ್-ರೆಡಿ ಲೇಔಟ್’ ಎಂದಿರುತ್ತದೆ. ಬದಲಾವಣೆ ಹೊಸದಾಗಿ ತೆರೆದ ಕಡತಕ್ಕೆ ಮಾತ್ರ ಅನ್ವಯವಾಗುತ್ತದೆ. ಇದನ್ನರಿಯದೆ ಹಳೆಯ ಕಡತದಲ್ಲೇ ನೋಡಿ ‘ಆಗಲಿಲ್ಲ’ ಎಂದು ಕೈಬಿಡುವವರೇ ಹೆಚ್ಚು. ಇನ್‌ಡಿಸೈನ್‌ನಲ್ಲಿ ‘ಪ್ಯಾರಾಗ್ರಾಫ್’ ಫಲಕದ ಮೂಲೆಯ ಪಟ್ಟಿಯಿಂದ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇಲ್ಲ, ಅಲ್ಲಿ ಆಸ್ಕಿಯೇ ಗತಿ. ಬ್ಯಾನರ್, ಲಗ್ನಪತ್ರಿಕೆಯಂಥ ಒಮ್ಮೆ ಮುದ್ರಿಸಿ ಮುಗಿಯುವ ಕೆಲಸಕ್ಕೆ ಆಸ್ಕಿ ಬಳಸಿದರೆ ನಷ್ಟವೇನಿಲ್ಲ. ಮುಂದೆ ಹುಡುಕಬೇಕಾದ, ತಿದ್ದಬೇಕಾದ ಪಠ್ಯಕ್ಕೆ ಬೇಡ.

ಕೊಂಬು, ದೀರ್ಘಗಳ ಪಕ್ಕ ಚುಕ್ಕೆಗಳ ವೃತ್ತ ಕಂಡರೆ ಯಂತ್ರ ಸರಿಯಾಗಿಯೇ ಇದೆ. ವ್ಯಂಜನವಿಲ್ಲದೆ ಸ್ವರಚಿಹ್ನೆ ಬಿದ್ದಿದೆ, ಇಲ್ಲವೇ ಒಂದೇ ಅಕ್ಷರಕ್ಕೆ ಎರಡು ಸಲ ಒತ್ತಿದ್ದೀರಿ. ಅಳಿಸಿ ಆ ಪದವನ್ನು ಮತ್ತೆ ಟೈಪಿಸಿ.

ಇನ್ನು ‘ರ‍್ಯಾಂಕ್’ ಎಂದು ಬೇಕಾದಲ್ಲಿ ‘ರ್ಯಾಂಕ್’ ಆಗುವುದು, ‘ರಾಜ್‌ಕುಮಾರ್’ ಬದಲು ‘ರಾಜ್ಕುಮಾರ್’ ಆಗುವುದು ದೋಷವಲ್ಲ, ಯೂನಿಕೋಡ್ ನಿಯಮವೇ ಹಾಗೆ. ಜೋಡಣೆ ತಡೆಯಲು ಕಾಣದ ಗುರುತು ಹಾಕಬೇಕು. ವರ್ಡ್‌ನಲ್ಲಿ ‘ರಾಜ್’ ಎಂದು ಟೈಪಿಸಿ, ಇಂಗ್ಲಿಷಿಗೆ ಬಂದು 200 ಮತ್ತು ‘ಸಿ’ ಅಕ್ಷರವನ್ನು ಜೊತೆಯಾಗಿ ಹೊಡೆದು, ಆಲ್ಟ್+ಎಕ್ಸ್ ಒತ್ತಿ, ಮುಂದೆ ‘ಕುಮಾರ್’ ಬರೆಯಿರಿ. ‘ರ‍್ಯಾಂಕ್’ಗೆ ‘ರ’ ಆದ ಕೂಡಲೇ, ವಿರಾಮಕ್ಕೆ ಮೊದಲು, 200 ಮತ್ತು ‘ಡಿ’ ಹೊಡೆದು ಆಲ್ಟ್+ಎಕ್ಸ್.

ಒತ್ತಿದ್ದೊಂದು, ಬಂದದ್ದೊಂದು

ಇಂಗ್ಲಿಷೇ ಬರುತ್ತಿದ್ದರೆ ವಿಂಡೋಸ್ ಕೀ+ಸ್ಪೇಸ್‌ಬಾರ್ ಒತ್ತಿ ಭಾಷೆ ಬದಲಿಸಿ. ನುಡಿಯಲ್ಲಿ ಸಾಮಾನ್ಯವಾಗಿ ಸ್ಕ್ರೋಲ್ ಲಾಕ್ ಕೀ ಕನ್ನಡ-ಇಂಗ್ಲಿಷ್ ಬದಲಿಸುತ್ತದೆ, ಬರಹದಲ್ಲಿ ಎಫ್11. ಸ್ಕ್ರೋಲ್ ಲಾಕ್ ಇಲ್ಲದ ಲ್ಯಾಪ್‌ಟಾಪ್ ಆದರೆ ವಿಂಡೋಸ್‌ನ ‘ಆನ್-ಸ್ಕ್ರೀನ್ ಕೀಬೋರ್ಡ್’ ತೆರೆದರೆ ಅಲ್ಲಿ ಸಿಗುತ್ತದೆ. ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದರೆ ಕೋಶ ಬದಲಾಗದೆ ಹಾಳೆಯೇ ಸರಿಯುತ್ತಿದೆ ಎಂಬ ದೂರು ನುಡಿ ಬಳಸುವ ಕಚೇರಿಗಳಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಕಾರಣ ಅದೇ ಸ್ಕ್ರೋಲ್ ಲಾಕ್ ಆನ್ ಆಗಿ ಉಳಿದಿರುವುದು.

ಕನ್ನಡ ಬರುತ್ತದೆ, ಆದರೆ ಬೇರೆ ಅಕ್ಷರ? ‘ಎಚ್’ ಕೀ ಒತ್ತಿ ನೋಡಿ. ‘ಹ’ ಬಂದರೆ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ, ‘ಪ’ ಬಂದರೆ ಇನ್‌ಸ್ಕ್ರಿಪ್ಟ್. ವಿಂಡೋಸ್‌ಗೆ ಬರೀ ಕನ್ನಡ ಸೇರಿಸಿದರೆ ಸಾಮಾನ್ಯವಾಗಿ ಇನ್‌ಸ್ಕ್ರಿಪ್ಟ್ ಬರುತ್ತದೆ. ಇಂಗ್ಲಿಷ್ ಉಚ್ಚಾರದಂತೆ ಟೈಪಿಸಲು 2019ರ ವಿಂಡೋಸ್ 10 ಆವೃತ್ತಿಯಿಂದ ಈಚೆಗೆ ‘ಕನ್ನಡ ಫೊನೆಟಿಕ್’ ಕೀಲಿಮಣೆ ಇದೆ, ಭಾಷೆಯ ಆಯ್ಕೆಗಳಲ್ಲಿ ಅದನ್ನು ಪ್ರತ್ಯೇಕವಾಗಿ ಸೇರಿಸಬೇಕು. ನುಡಿ ಬಳಸುವವರು ವಿಂಡೋಸ್ ಭಾಷೆಯನ್ನು ಇಂಗ್ಲಿಷಿನಲ್ಲೇ ಇಡಿ. ಎರಡೂ ಕನ್ನಡದಲ್ಲಿದ್ದರೆ ಒಂದರ ಮೇಲೊಂದು ಬಿದ್ದು ಕಸ ಬರುತ್ತದೆ.

ವರ್ಡ್‌ನಲ್ಲಿ ಚೆನ್ನಾಗಿ ಬರುವುದು ವಾಟ್ಸಾಪ್ ವೆಬ್‌ನಲ್ಲೋ ಅರ್ಜಿ ನಮೂನೆಯಲ್ಲೋ ಓರೆಗೀಟಿನ ‘ಎ’ ಆದರೆ ನುಡಿ ಆಸ್ಕಿ ಸ್ಥಿತಿಯಲ್ಲಿದೆ. ಯೂನಿಕೋಡ್‌ಗೆ ಬದಲಿಸಿ ಮತ್ತೆ ಟೈಪಿಸಿ. ಎಲ್ಲ ಕಡೆ ಬಂದು ಒಂದೇ ತಂತ್ರಾಂಶದಲ್ಲಿ ನುಡಿ ಮೂಕವಾದರೆ ಆ ತಂತ್ರಾಂಶ ‘ಅಡ್ಮಿನಿಸ್ಟ್ರೇಟರ್’ ಹಕ್ಕಿನಲ್ಲಿ ಓಡುತ್ತಿರಬಹುದು. ಸಾಮಾನ್ಯ ಹಕ್ಕಿನ ನುಡಿಗೆ ಅದರೊಳಗೆ ಕೈಹಾಕಲು ವಿಂಡೋಸ್ ಬಿಡುವುದಿಲ್ಲ. ಆ ತಂತ್ರಾಂಶವನ್ನು ಮುಚ್ಚಿ ಸಾಮಾನ್ಯ ರೀತಿಯಲ್ಲಿ ತೆರೆಯಿರಿ.

ವಾಕ್ಯದ ಮೊದಲಕ್ಷರ ಮಾತ್ರ ಬದಲಾಗುವ ವಿಚಿತ್ರವೂ ಇದೆ. ಆಸ್ಕಿಯಲ್ಲಿ ‘ಜನ’ ಎಂದು ಶುರುಮಾಡಿದರೆ ‘ಆನ’ ಆಗುತ್ತದೆ, ‘ದಸರಾ’ ಎಂದರೆ ‘ಚಸರಾ’. ಒಳಗಿರುವುದು ಇಂಗ್ಲಿಷ್ ಅಕ್ಷರ ತಾನೆ, ವಾಕ್ಯದ ಮೊದಲ ಸಣ್ಣ ‘ಡಿ’ಯನ್ನು ವರ್ಡ್ ದೊಡ್ಡ ‘ಡಿ’ ಮಾಡುತ್ತದೆ. ಸಣ್ಣದು ‘ಜ’, ದೊಡ್ಡದು ‘ಆ’. ‘ಫೈಲ್ > ಆಪ್ಷನ್ಸ್ > ಪ್ರೂಫಿಂಗ್ > ಆಟೋಕರೆಕ್ಟ್ ಆಪ್ಷನ್ಸ್’ನಲ್ಲಿ ದೊಡ್ಡಕ್ಷರ ಮಾಡುವ ಆಯ್ಕೆಗಳನ್ನೆಲ್ಲ ತೆಗೆದುಹಾಕಿ. ಆರಿಸಿದ ಪಠ್ಯವೆಲ್ಲ ಒಮ್ಮೆಲೇ ಕೆಟ್ಟರೆ ಕೈತಪ್ಪಿ ಶಿಫ್ಟ್+ಎಫ್3 ಒತ್ತಿರುತ್ತೀರಿ. ತಡಮಾಡದೆ ಕಂಟ್ರೋಲ್+ಜೆಡ್.

ಪಿಡಿಎಫ್‌ನಲ್ಲಿ ಚೆಂದ, ಕಾಪಿ ಮಾಡಿದರೆ ಕಸ

ಅಕ್ರೋಬ್ಯಾಟ್ ರೀಡರಿನಲ್ಲಿ ಕಂಟ್ರೋಲ್+ಡಿ ಒತ್ತಿ ‘ಫಾಂಟ್ಸ್’ ಪುಟ ನೋಡಿ. ನುಡಿ ಅಥವಾ ಬಿಆರ್‌ಎಚ್ ಇದ್ದರೆ ಕಾಪಿ ಮಾಡಿದ್ದನ್ನು ಆಸ್ಕಿ ಪರಿವರ್ತಕಕ್ಕೆ ಕೊಡಬಹುದು. ನಿರ್ಮಲಾ, ತುಂಗಾದಂಥ ಯೂನಿಕೋಡ್ ಫಾಂಟ್ ಇದ್ದೂ ಕಸ ಬಂದರೆ ಪಿಡಿಎಫ್‌ನೊಳಗೆ ಇರುವುದು ಜೋಡಿಸಿದ ಆಕಾರಗಳು, ಅಕ್ಷರಕ್ಕೆ ಮರಳುವ ದಾರಿ ಅದರಲ್ಲಿ ಸರಿಯಾಗಿಲ್ಲ. ಪರಿವರ್ತಕಗಳಿಂದ ಏನೂ ಆಗದು. ಪಟ್ಟಿ ಖಾಲಿಯಿದ್ದರೆ ಅದು ಬರೀ ಸ್ಕ್ಯಾನ್ ಮಾಡಿದ ಚಿತ್ರ. ಈ ಎರಡು ಸಂದರ್ಭಗಳಲ್ಲೂ ಮೂಲ ವರ್ಡ್ ಕಡತ ಕೇಳಿ, ಸಿಗದಿದ್ದರೆ ಗೂಗಲ್ ಡ್ರೈವಿಗೆ ಏರಿಸಿ ‘ಓಪನ್ ವಿತ್ ಗೂಗಲ್ ಡಾಕ್ಸ್’ ಒತ್ತಿ. ಅದು ಚಿತ್ರದಿಂದ ಕನ್ನಡ ಓದುತ್ತದೆ. ಹೆಸರು, ಅಂಕಿಗಳನ್ನು ಮೂಲದ ಜೊತೆ ಹೋಲಿಸದೆ ಬಳಸಬೇಡಿ.

ತೆರೆಯಲ್ಲಿ ಸರಿಯಿದ್ದು ಮುದ್ರಣದಲ್ಲಿ ಮಾತ್ರ ಕೆಟ್ಟರೆ ಮುದ್ರಣದ ಕಿಟಕಿಯ ‘ಅಡ್ವಾನ್ಸ್‌ಡ್’ ಒಳಗೆ ‘ಪ್ರಿಂಟ್ ಆ್ಯಸ್ ಇಮೇಜ್’ ಗುರುತಿಸಿ.

ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ

ಒಂದೇ ರೀತಿ ಕಾಣುವ ಎರಡು ಪದ ಒಳಗೆ ಬೇರೆ ಬೇರೆ. ಎಲ್ಲಕ್ಕಿಂತ ಸಾಮಾನ್ಯ ಅಪರಾಧಿ ಅನುಸ್ವಾರದ ಜಾಗದಲ್ಲಿ ಕುಳಿತ ಕನ್ನಡದ ಸೊನ್ನೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ, ಎರಡನೆಯದರಲ್ಲಿ ಇರುವುದು ಅಂಕಿ. ವರ್ಡ್‌ನಲ್ಲಿ ಅನುಸ್ವಾರದ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್+ಎಕ್ಸ್ ಒತ್ತಿ. 0ಸಿ82 ಬಂದರೆ ಅನುಸ್ವಾರ, 0ಸಿಇ6 ಬಂದರೆ ಸೊನ್ನೆ. ಮತ್ತೆ ಆಲ್ಟ್+ಎಕ್ಸ್ ಒತ್ತಿದರೆ ಅಕ್ಷರ ಮರಳುತ್ತದೆ. ಕಡತದಲ್ಲಿ ೨೦೨೪ರಂಥ ಕನ್ನಡ ಅಂಕಿಗಳಿದ್ದರೆ ‘ರಿಪ್ಲೇಸ್ ಆಲ್’ ಒತ್ತಬೇಡಿ, ವರ್ಷಗಳೆಲ್ಲ ಹಾಳಾಗುತ್ತವೆ.

ಎಕ್ಸೆಲ್‌ನ ಎರಡು ಪಟ್ಟಿಗಳ ಹೆಸರು ತಾಳೆಯಾಗದಿದ್ದರೆ ‘ಲೆನ್’ ಸೂತ್ರದಿಂದ ಎರಡರ ಉದ್ದ ಅಳೆಯಿರಿ. ‘ರಾಜ್ಕುಮಾರ್’ 10, ಕಾಣದ ಗುರುತಿರುವ ‘ರಾಜ್‌ಕುಮಾರ್’ 11. ‘ಕೊ’ ಕೂಡ ಟೈಪಿಸಿದ ಬಗೆಯ ಮೇಲೆ 2 ಅಥವಾ 3 ಆಗಬಹುದು, ಏಕೆಂದರೆ ಒತ್ವವನ್ನು ಒಂದೇ ಸಂಕೇತವಾಗಿಯೂ ಎರಡರ ಜೋಡಿಯಾಗಿಯೂ ಬರೆಯಲು ಬರುತ್ತದೆ. ಪಕ್ಕದ ಕಾಲಂನಲ್ಲಿ ‘ಸಬ್‌ಸ್ಟಿಟ್ಯೂಟ್’ ಸೂತ್ರ ಬಳಸಿ ‘ಯುನಿಚಾರ್’ 8204ನ್ನು ಖಾಲಿಗೂ, 3270 ಮತ್ತು 3266ರ ಜೋಡಿಯನ್ನು 3274ಕ್ಕೂ ಬದಲಿಸಿ ಆ ಕಾಲಂನಿಂದ ತಾಳೆ ನೋಡಿ. ಮೂಲ ಕಾಲಂ ಹಾಗೇ ಇರಲಿ.

ಇನ್ನೊಬ್ಬರ ಕೈಗೆ ಒಪ್ಪಿಸಬೇಕಾದಾಗ

ಸಹಿಯಾದ ಅಥವಾ ಡಿಜಿಟಲ್ ಸಹಿಯಿರುವ ದಾಖಲೆ, ನ್ಯಾಯಾಲಯಕ್ಕೆ ಸಲ್ಲಿಸಿದ ಕಡತ, ನೂರಾರು ಜನರ ಹೆಸರಿರುವ ದತ್ತಸಂಚಯ ಇವನ್ನು ನೀವೇ ಪರಿವರ್ತಿಸಲು ಹೋಗಬೇಡಿ. ಸಹಾಯ ಕೇಳುವಾಗ ‘ಕನ್ನಡ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಎದುರಿನವರಿಗೆ ಏನೂ ತಿಳಿಯದು. ಮುಟ್ಟದೆ ಇಟ್ಟ ಮೂಲ ಕಡತದ ಪ್ರತಿ, ಕೆಟ್ಟು ಕಾಣುವ ಒಂದು ಸಾಲಿನ ತೆರೆಚಿತ್ರ, ಅದೇ ಸಾಲು ಸರಿಯಾಗಿ ಹೇಗಿರಬೇಕು ಎಂಬುದು, ಫಾಂಟ್ ಪೆಟ್ಟಿಗೆಯಲ್ಲಿ ಕಂಡ ಹೆಸರು, ವಿಂಡೋಸ್ ಮತ್ತು ಆಫೀಸಿನ ಆವೃತ್ತಿ, ಕಡತ ಮೊದಲು ಯಾವ ತಂತ್ರಾಂಶದಲ್ಲಿ ಹುಟ್ಟಿತು ಎಂಬ ಮಾಹಿತಿ ಇಷ್ಟನ್ನು ಕೊಡಿ. ತೆರೆಚಿತ್ರದ ಜೊತೆ ಕಡತವನ್ನೂ ಕಳಿಸಲೇಬೇಕು. ಚಿತ್ರದಲ್ಲಿ ಕಸ ಕಾಣುತ್ತದೆ, ಬೈಟುಗಳು ಕಾಣುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಪಠ್ಯವನ್ನು ಅಂಟಿಸದೆ ‘ಡಾಕ್ಯುಮೆಂಟ್’ ಆಗಿ ಲಗತ್ತಿಸಿ.